ಮಗ ತುಂಟನೋ, ಇಲ್ಲ ಎಡಿಎಚ್‌ಡಿ ಇರಬಹುದೋ? ಹೇಗೆ ಗೊತ್ತಾಗುತ್ತದೆ?

ಹಾಸನದ ಅಮ್ಮ:
ನಮಸ್ಕಾರ. ಮಗನಿಗೆ ಏಳು ವರ್ಷ, ಎರಡನೇ ಕ್ಲಾಸ್. ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಅವನ ಮಿಸ್ ನನ್ನನ್ನು ಪಕ್ಕಕ್ಕೆ ಕರೆದು, ಇವನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಇರಬಹುದು, ಒಮ್ಮೆ ತೋರಿಸಿ ಅಂದರು. ಕೂತಲ್ಲಿ ಕೂರುವುದಿಲ್ಲವಂತೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನಂತೆ. ಮನೆಯಲ್ಲೂ ಹೋಮ್‌ವರ್ಕ್ ಅಂದರೆ ದಿನಾ ಯುದ್ಧ. ಎರಡು ಸಾಲು ಬರೆಯುತ್ತಾನೆ, ಮೆಂಡರ್ ಹುಡುಕಲು ಏಳುತ್ತಾನೆ, ದಾರಿಯಲ್ಲಿ ಬಾಲ್ ಕಂಡಿತೋ ಮೆಂಡರೂ ಮರೆತುಹೋಯಿತು, ಬರೆಯುವುದೂ ಮರೆತುಹೋಯಿತು. ಆದರೆ ಮೊಬೈಲಲ್ಲಿ ಕಾರ್ಟೂನ್ ಹಾಕಿಕೊಟ್ಟರೆ ಒಂದು ಗಂಟೆ ಅಲ್ಲಾಡುವುದಿಲ್ಲ! ಅಷ್ಟು ಗಮನ ಇರುವವನಿಗೆ ಗಮನದ ತೊಂದರೆ ಹೇಗಿರುತ್ತದೆ? ನಮ್ಮತ್ತೆ "ಗಂಡು ಹುಡುಗ, ಅವರಪ್ಪನೂ ಹೀಗೇ ಇದ್ದ, ತಾನಾಗಿ ಸರಿಹೋಗ್ತಾನೆ ಬಿಡು" ಅನ್ನುತ್ತಾರೆ. ನನಗೆ ಸಮಾಧಾನ ಇಲ್ಲ.

ಪ್ರೈಮರಿ ಟೀಚರ್, ಶಿವಮೊಗ್ಗ:
ಮೇಡಂ, ಈ ವಯಸ್ಸಿನ ಮಕ್ಕಳು ಓಡುತ್ತಾರೆ, ಕಿರುಚುತ್ತಾರೆ, ಅದಕ್ಕೆಲ್ಲ ಕಾಯಿಲೆಯ ಹೆಸರು ಬೇಕಾಗಿಲ್ಲ. ನಾನು ನೋಡುವುದು ಬೇರೆ. ತುಂಟ ಮಗು ಬೈಗುಳ ಬೀಳುತ್ತದೆ ಅಂತ ಗೊತ್ತಾದರೆ ಸ್ವಲ್ಪ ಹೊತ್ತಾದರೂ ತಡೆದುಕೊಳ್ಳುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಿಗೆ ತಡೆದುಕೊಳ್ಳಬೇಕು ಅಂತ ಆಸೆ ಇರುತ್ತದೆ, ಆಗುವುದಿಲ್ಲ. ಆಟದ ಬಯಲಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಖೋಖೋ ಆಡುವಾಗ ಇಂಥ ಹುಡುಗ ಹಿಂದಿನಿಂದ ಖೋ ಕೊಡುವ ಮೊದಲೇ ಎದ್ದು ಓಡಿಬಿಡುತ್ತಾನೆ, ಟೀಮಿನವರು ಸಿಟ್ಟಾಗುತ್ತಾರೆ, ಮರುದಿನ ಯಾರೂ ಇವನನ್ನು ಕರೆಯುವುದಿಲ್ಲ. ಇಷ್ಟಪಟ್ಟು ಆಡುವ ಆಟದಲ್ಲೂ ಹೀಗಾದರೆ ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ ಅಲ್ವಾ?

ಒಂದು ಕೇಳಬೇಕು. ನಿಮ್ಮ ಮಗ ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವನಾ? ಒಂದೇ ಬೆಂಚಿನ ಮಕ್ಕಳ ನಡುವೆ ಹತ್ತು ಹನ್ನೊಂದು ತಿಂಗಳ ವ್ಯತ್ಯಾಸ ಇರುತ್ತದೆ. ಬೇರೆ ದೇಶಗಳ ಅಧ್ಯಯನಗಳಲ್ಲಿ ಕ್ಲಾಸಿನ ಕಿರಿಯ ಮಕ್ಕಳಿಗೇ ಈ ಹೆಸರು ಜಾಸ್ತಿ ಬೀಳುವುದು ಕಂಡಿದೆ. ಅದಕ್ಕೇ ನಾನು ಹೆಸರು ಹೇಳುವುದಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆದುಕೊಡುತ್ತೇನೆ, ಉಳಿದದ್ದು ಡಾಕ್ಟರ್ ಕೆಲಸ.

ಹೆಣ್ಣುಮಗುವಿನ ತಾಯಿ, ಮೈಸೂರು:
ಎಲ್ಲರೂ ಓಡುವ ಹುಡುಗರ ಬಗ್ಗೆಯೇ ಮಾತಾಡುತ್ತೀರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಮಗಳು ಕೂತಲ್ಲೇ ಕೂರುವವಳು. ಯಾವ ಮಿಸ್ಸೂ ದೂರು ಹೇಳಿದ್ದಿಲ್ಲ. "ಒಳ್ಳೆ ಹುಡುಗಿ, ಸ್ವಲ್ಪ ಕನಸು ಕಾಣ್ತಾಳೆ" ಅಷ್ಟೇ. ಟಿಫಿನ್ ಬಾಕ್ಸೋ ಸ್ವೆಟರ್ರೋ ಒಂದಲ್ಲ ಒಂದು ಸ್ಕೂಲಲ್ಲೇ ಉಳಿಯುತ್ತಿತ್ತು. ಲೆಕ್ಕವನ್ನು ಬಾಯಲ್ಲಿ ಕೇಳಿದರೆ ಥಟ್ಟನೆ ಹೇಳುತ್ತಾಳೆ, ಪೇಪರಲ್ಲಿ ಕೂಡುವ ಕಡೆ ಕಳೆದಿರುತ್ತಾಳೆ, ಪುಟದ ಹಿಂದೆ ಇನ್ನೂ ಪ್ರಶ್ನೆ ಇದೆ ಅನ್ನುವುದನ್ನೇ ನೋಡಿರುವುದಿಲ್ಲ. ಏಳನೇ ಕ್ಲಾಸಲ್ಲಿ ಪಾಠ ಜಾಸ್ತಿಯಾಗಿ ರಾತ್ರಿ ಅಳುವುದು ಶುರುವಾಯಿತು, ಆಗ ಮಕ್ಕಳ ಮನೋವೈದ್ಯರಿಗೆ ತೋರಿಸಿದೆವು. ಚಡಪಡಿಕೆ ಇಲ್ಲದ ಎಡಿಎಚ್‌ಡಿಯೂ ಇದೆ, ಹೆಣ್ಣುಮಕ್ಕಳಲ್ಲಿ ಅದು ತಡವಾಗಿ ಗೊತ್ತಾಗುವುದೇ ಜಾಸ್ತಿ ಅಂದರು. ಅಷ್ಟು ವರ್ಷವೂ ಅವಳು ತಾನು ದಡ್ಡಿ ಅಂತ ಒಳಗೇ ಅಂದುಕೊಂಡಿದ್ದಳು. ಅದನ್ನು ನೆನೆದರೆ ಕರುಳು ಚುರ್ ಅನ್ನುತ್ತದೆ. ದಯವಿಟ್ಟು ಸುಮ್ಮನಿರುವ ಮಕ್ಕಳನ್ನೂ ಗಮನಿಸಿ.

ಮಕ್ಕಳ ಮನಶ್ಶಾಸ್ತ್ರಜ್ಞೆ, ಬೆಂಗಳೂರು:
ಕಾರ್ಟೂನ್ ಪ್ರಶ್ನೆಯನ್ನು ಹೆಚ್ಚುಕಡಿಮೆ ಎಲ್ಲ ತಂದೆ ತಾಯಿಯೂ ಕೇಳುತ್ತಾರೆ. ಎಡಿಎಚ್‌ಡಿ ಅಂದರೆ ಗಮನವೇ ಇಲ್ಲ ಅಂತಲ್ಲ, ಅದನ್ನು ಬೇಕಾದ ಕಡೆ ನಿಲ್ಲಿಸುವುದು ಕಷ್ಟ. ಕಾರ್ಟೂನಲ್ಲಿ ಕ್ಷಣಕ್ಕೊಂದು ಬಣ್ಣ, ಶಬ್ದ. ಗಮನವನ್ನು ಅದೇ ಎಳೆದುಕೊಳ್ಳುತ್ತದೆ. ಕಾಪಿ ರೈಟಿಂಗಲ್ಲಿ ಮಗುವೇ ಎಳೆದು ತರಬೇಕು. ಹಾಗಾಗಿ ಕಾರ್ಟೂನ್ ನೋಡುತ್ತಾನೆ ಅನ್ನುವುದರಿಂದ ಏನೂ ತೀರ್ಮಾನ ಆಗುವುದಿಲ್ಲ.

ವೈದ್ಯರು ಜಾಸ್ತಿ ಬಳಸುವ ಡಿಎಸ್‌ಎಂ-5 ಅನ್ನುವ ಮಾನಸಿಕ ತೊಂದರೆಗಳ ಕೈಪಿಡಿಯಲ್ಲಿ (2013) ಗಮನಕ್ಕೆ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ 9 ಲಕ್ಷಣ ಇವೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ 6 ಲಕ್ಷಣ, ವಯಸ್ಸಿಗೆ ಮೀರಿ, ಕನಿಷ್ಠ 6 ತಿಂಗಳಿಂದ ಇರಬೇಕು. ಕೆಲವಾದರೂ 12 ವರ್ಷದ ಒಳಗೇ ಶುರುವಾಗಿರಬೇಕು. ಮನೆ, ಸ್ಕೂಲು, ನೆಂಟರ ಮನೆ, ಹೀಗೆ ಎರಡು ಕಡೆಯಾದರೂ ಕಾಣಬೇಕು, ಅದರಿಂದ ಓದಿಗೋ ಸ್ನೇಹಕ್ಕೋ ಪೆಟ್ಟು ಬಿದ್ದಿರಬೇಕು. ಸ್ಕೂಲಲ್ಲಿ ಮಾತ್ರ ಹೀಗೆ, ಮನೆಯಲ್ಲಿ ಆರಾಮಾಗಿದ್ದಾನೆ ಅಂದರೆ ನಾನು ಮೊದಲು ಬೇರೆ ಕಡೆ ನೋಡುತ್ತೇನೆ: ಅಕ್ಷರ ಓದಲು ಕಷ್ಟವಾ, ಯಾರಾದರೂ ಹೆದರಿಸುತ್ತಿದ್ದಾರಾ?

ರಕ್ತ ಪರೀಕ್ಷೆಯಿಂದ, ಸ್ಕ್ಯಾನಿಂದ ಇದನ್ನು ಹೇಳಲು ಬರುವುದಿಲ್ಲ. ಆದರೆ ಕಣ್ಣು, ಕಿವಿ, ನಿದ್ದೆ ಮೂರನ್ನೂ ಮೊದಲು ನೋಡಿಸಿ. ಮೂಗಿನ ಹಿಂದೆ ಇರುವ ಅಡಿನಾಯ್ಡ್ ಅನ್ನುವ ಗ್ರಂಥಿ ದಪ್ಪಗಾಗಿ ರಾತ್ರಿಯೆಲ್ಲ ಗೊರಕೆ ಹೊಡೆಯುವ ಮಗು, ನಿದ್ದೆ ಕೆಟ್ಟು ಹಗಲಲ್ಲಿ ಥೇಟ್ ಹೀಗೇ ಆಡುತ್ತದೆ. ಇನ್ನು ನಿಮ್ಮತ್ತೆ ಅಂದ ಮಾತು, "ಅವರಪ್ಪನೂ ಹೀಗೇ ಇದ್ದ", ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಎಡಿಎಚ್‌ಡಿ ವಂಶದಲ್ಲಿ ಬರುವುದು ಜಾಸ್ತಿ.

ಹಾಸನದ ಅಮ್ಮ:
ತುಂಬಾ ಥ್ಯಾಂಕ್ಸ್. ಟೀಚರ್, ಅವನು ಜುಲೈನಲ್ಲಿ ಹುಟ್ಟಿದವನು, ಕ್ಲಾಸಲ್ಲಿ ದೊಡ್ಡವರ ಪೈಕಿಯೇ. ಗೊರಕೆ ಮಾತ್ರ ಇದೆ, ಬಾಯಿ ತೆರೆದೇ ಮಲಗುತ್ತಾನೆ. ಯಜಮಾನರಿಗೆ ಒಂದೇ ಭಯ, ಹೋದ ತಕ್ಷಣ ಮಾತ್ರೆ ಶುರು ಮಾಡಿಬಿಡುತ್ತಾರಾ?

ಮಕ್ಕಳ ಮನಶ್ಶಾಸ್ತ್ರಜ್ಞೆ, ಬೆಂಗಳೂರು:
ಗೊರಕೆ ಇದ್ದರೆ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮಾತ್ರೆ ಹಾಗೆಲ್ಲ ಹೋದ ತಕ್ಷಣ ಕೊಡುವಂಥದ್ದಲ್ಲ. 6 ವರ್ಷದೊಳಗಿನ ಮಕ್ಕಳಿಗೆ ಮೊದಲು ತಂದೆ ತಾಯಿಗೇ ತರಬೇತಿ. ಅದಕ್ಕಿಂತ ದೊಡ್ಡವರಿಗೆ ತೊಂದರೆ ಎಷ್ಟಿದೆ ನೋಡಿ, ನಿಮ್ಮನ್ನು ಕೇಳಿಯೇ ಔಷಧಿ. ಸಾಮಾನ್ಯವಾಗಿ ಕೊಡುವ ಮೀಥೈಲ್‌ಫೆನಿಡೇಟ್‌ನಿಂದ ಕೆಲವರಿಗೆ ಹಸಿವು, ನಿದ್ದೆ ಕಡಿಮೆಯಾಗುತ್ತದೆ, ಅದಕ್ಕೇ ತೂಕ, ಎತ್ತರ, ಬಿಪಿ ನೋಡುತ್ತಾ ಇರುತ್ತಾರೆ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆ ಅವರೇ ಕೇಳಲಿ.

ಎಲ್ಲಿ ತೋರಿಸುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುವಾಗ ಅವನ ಒಂದೆರಡು ನೋಟ್‌ಬುಕ್, ಮಿಸ್ ಕೈಲಿ ಬರೆಸಿದ ಒಂದು ಪುಟ, ಮಲಗಿರುವಾಗಿನ ಚಿಕ್ಕ ವಿಡಿಯೋ ಇಟ್ಟುಕೊಳ್ಳಿ.