ಸೊಂಟ ನೋವಿಗೆ 68 ಸಾವಿರದ ಪ್ಯಾಕೇಜ್, ಕಟ್ಟಬಹುದಾ?

ಅಡಿಕೆ_ಮನೆ_ಹುಡುಗಿ:
ನನ್ನಣ್ಣನಿಗೆ 42 ವರ್ಷ. ತೀರ್ಥಹಳ್ಳಿ ಕಡೆ ತೋಟ ನೋಡಿಕೊಳ್ಳುತ್ತಾನೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವಾಗ ಡ್ರಮ್ ಎತ್ತಲು ಹೋಗಿ ಸೊಂಟ ಹಿಡಿಯಿತು. ಮೊದಲು ಸೊಂಟ ಮಾತ್ರ ಇತ್ತು. ಆಮೇಲೆ ಎಡಗಡೆ ತೊಡೆ, ಮೀನಖಂಡ ಎಲ್ಲ ದಾಟಿ ಹೆಬ್ಬೆರಳವರೆಗೂ ಎಳೆತ, ಉರಿ. ಶಿವಮೊಗ್ಗದಲ್ಲಿ ಮೂಳೆ ಡಾಕ್ಟರು ಮಾತ್ರೆ, ಬೆಲ್ಟು ಕೊಟ್ಟು ಎಂಆರ್‌ಐ ಮಾಡಿಸಿದರು. ಎಲ್4-ಎಲ್5 ಡಿಸ್ಕ್ (ಸೊಂಟದ ಕೊನೆಯ ಎರಡು ಮೂಳೆಗಳ ನಡುವಿನ ಮೆತ್ತೆ) ಉಬ್ಬಿ ಎಡಗಡೆ ನರ ಒತ್ತುತ್ತಿದೆ ಎಂದು ರಿಪೋರ್ಟ್ ಬಂತು. ಎರಡು ತಿಂಗಳ ಮೇಲಾಯಿತು. ಮೊದಲಿಗಿಂತ ನೋವು ಕಡಿಮೆಯಾಗಿದೆ, ಆದರೆ ಸ್ವಲ್ಪ ಹೊತ್ತು ಕೂತರೆ ಸಾಕು ಕಾಲು ಜೋಮು ಹಿಡಿಯುತ್ತದೆ, ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರ.

ಬೆಂಗಳೂರಿಗೆ ನಮ್ಮ ಮನೆಗೆ ಬಂದಿದ್ದಾಗ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ನೋಡಿ ಒಂದು ಪ್ರೈವೇಟ್ ಸ್ಪೈನ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿದ್ದು ಐದು ನಿಮಿಷ, ಆಮೇಲೆ ಕೌನ್ಸೆಲರ್ ಅಂತ ಒಬ್ಬ ಹುಡುಗ ಪ್ಲಾಸ್ಟಿಕ್ ಬೆನ್ನುಮೂಳೆ ಹಿಡಿದುಕೊಂಡು ಅರ್ಧ ಗಂಟೆ ವಿವರಿಸಿದ, ಹೀಗೇ ಬಿಟ್ಟರೆ ಕಾಲು ಬಿದ್ದು ಹೋಗುತ್ತದೆ ಅಂದ. 20 ಸಿಟ್ಟಿಂಗ್, ಡಿಕಂಪ್ರೆಶನ್ ಮೆಷಿನ್, ಲೇಸರ್, ಒಂದು ಬೆಲ್ಟು ಎಲ್ಲ ಸೇರಿ 68 ಸಾವಿರ. ಅದೇ ಸಂಜೆಯೊಳಗೆ ಪೂರ್ತಿ ಕಟ್ಟಿದರೆ 52. ಇಎಂಐ ಕೂಡ ಇದೆಯಂತೆ. ಕಡಿಮೆಯಾಗದಿದ್ದರೆ ಏನು ಎಂದು ಕೇಳಿದೆ. "ರಿಸಲ್ಟ್ ಬಂದೇ ಬರುತ್ತದೆ ಮೇಡಂ" ಅಷ್ಟೇ ಉತ್ತರ. ಮುಗಿಯುವವರೆಗೂ ಅಣ್ಣ ಬೆಂಗಳೂರಲ್ಲೇ ಇರಬೇಕು. ಅಡಿಕೆ ಕೊಯ್ಲು ಹತ್ತಿರ ಬರುತ್ತಿದೆ, ತೋಟ ಯಾರು ನೋಡುವುದು?

ನಿಜವಾಗಿ ವಾಸಿಯಾಗುತ್ತದೆ ಎಂದರೆ ದುಡ್ಡು ಹೇಗೋ ಹೊಂದಿಸುತ್ತೇವೆ. ಸೊಸೈಟಿಯಿಂದ ಮಾಡಿಸಿದ ಯಶಸ್ವಿನಿ ಆರೋಗ್ಯ ಕಾರ್ಡ್ ಇದೆ, ಅದು ಇಲ್ಲಿ ನಡೆಯುವುದಿಲ್ಲ ಅಂದರು. ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಕೆಂಪು_ಬಸ್ಸು:
ಸಂಜೆಯೊಳಗೆ ಕಟ್ಟಿದರೆ 16 ಸಾವಿರ ಕಡಿಮೆಯಾ? ಸೀರೆ ಅಂಗಡಿ ಆಷಾಢ ಸೇಲ್ ಇದಕ್ಕಿಂತ ವಾಸಿ, ಅವರು ಒಂದು ತಿಂಗಳಾದರೂ ಟೈಮ್ ಕೊಡುತ್ತಾರೆ. ಕಟ್ಟಬೇಡಿ ಮೇಡಂ.

ಹುಬ್ಬಳ್ಳಿ_ಫಿಸಿಯೋ:
ನಾನು ಫಿಸಿಯೋಥೆರಪಿಸ್ಟ್. ಇದೇ ದುಡ್ಡಿನಲ್ಲಿ ಬದುಕುವವನು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ದುಡ್ಡಿನ ಮಾತು ಆಮೇಲೆ. ಮೊದಲು ನಿಮ್ಮಣ್ಣನನ್ನು ಕೇಳಿ, ಹಿಮ್ಮಡಿ ಮೇಲೆ ನಿಂತು ನಾಲ್ಕು ಹೆಜ್ಜೆ ಹಾಕಲು ಆಗುತ್ತದಾ? ಎಡಗಾಲಿನ ಹೆಬ್ಬೆರಳನ್ನು ನೀವು ಕೆಳಗೆ ಒತ್ತಿ ಹಿಡಿದಾಗ ಅವರು ಮೇಲೆತ್ತಬಲ್ಲರಾ? ನಡೆಯುವಾಗ ಪಾದ ನೆಲಕ್ಕೆ ತಗುಲಿ ಎಡವುತ್ತಾರಾ? ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಲ್5 ನರವನ್ನು. ಪಾದವನ್ನೂ ಹೆಬ್ಬೆರಳನ್ನೂ ಮೇಲೆತ್ತುವ ಶಕ್ತಿ ಹೆಚ್ಚಾಗಿ ಆ ನರದ್ದು. ಅದು ಸೋತಿದ್ದರೆ ಪ್ಯಾಕೇಜ್ ಮಾತೇ ಬೇಡ, ತಡಮಾಡದೆ ಸ್ಪೈನ್ ಸರ್ಜನ್ ನೋಡಬೇಕು. ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಕೂರುವ ಜಾಗದಲ್ಲಿ ಮುಟ್ಟಿದರೆ ತಿಳಿಯದಿರುವುದು, ಎರಡೂ ಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ಎಮರ್ಜೆನ್ಸಿಗೆ. ರಾತ್ರಿಯಾಗಿದ್ದರೆ ರಾತ್ರಿಯೇ, ಬೆಳಗಾಗಲಿ ಅಂತ ಕಾಯಬೇಡಿ.

ಇವೇನೂ ಇಲ್ಲ, ನೋವೂ ಇಳಿಯುತ್ತಿದೆ ಎಂದರೆ ಆ ಹುಡುಗ ಹೆದರಿಸಿದ್ದು ಮಾರಾಟದ ಮಾತು. ಎಂಆರ್‌ಐ ಓದಿಯೂ ಜಾಸ್ತಿ ಹೆದರಬೇಡಿ. ಬೆನ್ನು ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂದಿದೆ. 40ರ ವಯಸ್ಸಿನವರಲ್ಲಿ ಅರ್ಧ ಜನಕ್ಕೆ ಡಿಸ್ಕ್ ಉಬ್ಬಿತ್ತು, 80ರವರಲ್ಲಿ ನೂರಕ್ಕೆ 84 ಜನಕ್ಕೆ. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು. ನಿಮ್ಮಣ್ಣನ ವಿಷಯದಲ್ಲಿ ನೋವೂ ಎಡಗಡೆ, ರಿಪೋರ್ಟಿನಲ್ಲೂ ಎಡಗಡೆ, ಹಾಗಾಗಿ ಡಿಸ್ಕೇ ಕಾರಣ ಇರಬಹುದು. ಆದರೂ ಹೊರಗೆ ಬಂದ ಡಿಸ್ಕ್ ಭಾಗವನ್ನು ಎಷ್ಟೋ ಸಲ ದೇಹವೇ ನಿಧಾನಕ್ಕೆ ಕರಗಿಸುತ್ತದೆ.

ಇನ್ನು ಆ ಮೆಷಿನ್. ಡಿಕಂಪ್ರೆಶನ್ ಅಂದರೆ ಕಂಪ್ಯೂಟರ್ ಜೋಡಿಸಿದ ಟ್ರ್ಯಾಕ್ಷನ್, ಸೊಂಟವನ್ನು ಕಟ್ಟಿ ಎಳೆಯುವುದು. ಹಿಂದೆ ಮಂಚಕ್ಕೆ ತೂಕ ನೇತುಹಾಕಿ ಮಾಡುತ್ತಿದ್ದರು, ಈಗ ಸ್ಕ್ರೀನ್ ಬಂದಿದೆ, ರೇಟೂ ಬಂದಿದೆ. ಇಂಗ್ಲೆಂಡಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸೊಂಟ ನೋವಿಗೂ ಸಯಾಟಿಕಾಕ್ಕೂ (ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು) ಟ್ರ್ಯಾಕ್ಷನ್, ಅಲ್ಟ್ರಾಸೌಂಡ್, ಟೆನ್ಸ್ (ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವುದು) ಯಾವುದೂ ಬೇಡ ಎಂದಿದೆ, ಬೆಲ್ಟು ಕೂಡ ಬೇಡ ಎಂದಿದೆ. ಬಹುಕಾಲದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದೇ, ಟ್ರ್ಯಾಕ್ಷನ್ ಬೇಡ, ಬೆಲ್ಟ್ ಬೇಡ, ವ್ಯಾಯಾಮ ಮಾಡಿಸಿ, ರೋಗಿಗೆ ಸರಿಯಾಗಿ ತಿಳಿಸಿ ಹೇಳಿ.

ಫಿಸಿಯೋಗೆ ದುಡ್ಡು ಕೊಡಬಾರದು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ನನ್ನ ಕಥೆ ಏನು! ಸಿಟ್ಟಿಂಗಿಗೆ ಇಷ್ಟು ಅಂತ ಕೊಡಿ, ಮುಂಗಡ ಕೊಡಬೇಡಿ. ಕೈಯಿಂದ ಪರೀಕ್ಷೆ ಮಾಡಿ, ವ್ಯಾಯಾಮ ಕಲಿಸಿ, ಮನೆಯಲ್ಲಿ ಮಾಡಲು ಹೇಳಿ, ಮುಂದಿನ ವಾರ ನೋವು ಎಲ್ಲಿಗೆ ಬಂತು ಎಂದು ಕೇಳುವವರ ಹತ್ತಿರ ಹೋಗಿ. ನಾನು 400 ತೆಗೆದುಕೊಳ್ಳುತ್ತೇನೆ, ನಿಮ್ಮ ಕಡೆಯೂ ಅಷ್ಟರ ಆಸುಪಾಸಿನಲ್ಲೇ ಸಿಗಬಹುದು. ಹೆಚ್ಚಿನವರಿಗೆ ದಿನಾ ಬರುವ ಅಗತ್ಯವೇ ಇರುವುದಿಲ್ಲ.

ಜಯನಗರ_4ನೇ_ಬ್ಲಾಕ್:
ಎಲ್ಲರೂ ಸೇರಿ ಬೈಯುತ್ತಿದ್ದೀರಿ, ಒಂದು ಮಾತು ಹೇಳಲೇಬೇಕು. ನಾನು ಇಂಥದ್ದೇ ಪ್ಯಾಕೇಜ್ ತೆಗೆದುಕೊಂಡಿದ್ದೆ, 45 ಸಾವಿರ ಆಯಿತು. ಕೂತು ಮಾಡುವ ಐಟಿ ಕೆಲಸ ನನ್ನದು. ಮುಗಿಯುವ ಹೊತ್ತಿಗೆ ನೋವು ಪೂರ್ತಿ ಹೋಗಿತ್ತು. ಎಸಿ ರೂಮು, ಕಾಯುವ ಹಾಗಿಲ್ಲ, ಆಫೀಸ್ ಮುಗಿಸಿ ಎಂಟು ಗಂಟೆಗೆ ಹೋದರೂ ನೋಡುತ್ತಾರೆ. ನನಗೆ ಅದು ದುಡ್ಡಿಗೆ ತಕ್ಕದ್ದೇ. ನಿಮ್ಮ ಅಣ್ಣನಿಗೂ ಆಗಬಹುದು, ಸುಮ್ನೆ ಎಲ್ಲವನ್ನೂ ಮೋಸ ಅನ್ನುವುದು ಸರಿಯಲ್ಲ.

ಹುಬ್ಬಳ್ಳಿ_ಫಿಸಿಯೋ:
ಸರ್, ನಿಮಗೆ ವಾಸಿಯಾಗಿದ್ದು ಸಂತೋಷ, ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ಆದರೆ ಮೆಷಿನ್ನಿಂದಲೇ ಆಯಿತಾ, ಅಷ್ಟು ವಾರ ಕಳೆದಿದ್ದರಿಂದ ಆಯಿತಾ, ಅದು ಹೇಗೆ ಗೊತ್ತಾಗಬೇಕು? ನೆದರ್‌ಲ್ಯಾಂಡ್ಸ್‌ನಲ್ಲಿ ಜೋರಾದ ಸಯಾಟಿಕಾ ಇದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು, 2007ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ನೋವು ಶುರುವಾಗಿ 6ರಿಂದ 12 ವಾರ ಆಗಿತ್ತು, ಅಂದರೆ ಈ ಮೇಡಂ ಅಣ್ಣನ ಹಂತವೇ. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಮಾತ್ರೆ, ಓಡಾಟ, ಕಾಯುವುದು, ತೀರಾ ಆಗದಿದ್ದರೆ ಆಗ ಆಪರೇಷನ್. ಬೇಗ ಮಾಡಿಸಿಕೊಂಡವರಿಗೆ ಕಾಲು ನೋವು ಬೇಗ ಇಳಿಯಿತು, ಅದು ನಿಜ. ಒಂದು ವರ್ಷಕ್ಕೆ ನೋಡಿದರೆ ಎರಡೂ ಕಡೆ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲಿ ಮಧ್ಯೆ ಆಪರೇಷನ್ ಬೇಕಾದವರು ನೂರಕ್ಕೆ 39 ಮಾತ್ರ. ಇಂಥ ಕಾಯಿಲೆಯಲ್ಲಿ ಆ ವಾರಗಳಲ್ಲಿ ಏನು ಕೊಟ್ಟರೂ ಕೊಟ್ಟವನಿಗೇ ಹೆಸರು ಬರುತ್ತದೆ. ನನಗೂ ಹಾಗೆ ಬಂದಿರುವ ಹೆಸರು ಬೇಕಾದಷ್ಟಿದೆ.

ಎಂಟು ಗಂಟೆಗೂ ನೋಡುತ್ತಾರೆ, ಕಾಯಿಸುವುದಿಲ್ಲ ಅನ್ನುವುದು ಒಪ್ಪಿದೆ. ಅನುಕೂಲಕ್ಕೆ ದುಡ್ಡು ಕೊಟ್ಟಿರಿ, ತಪ್ಪೇನಿಲ್ಲ. ತೋಟ ಬಿಟ್ಟು ಬೆಂಗಳೂರಲ್ಲಿ ಕೂರಬೇಕಾದವರಿಗೆ ಆ ಅನುಕೂಲವೂ ಇಲ್ಲ ಅಲ್ವಾ?

ದಾವಣಗೆರೆ_ಬೆಣ್ಣೆ:
ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಮ್ಮ ಯಜಮಾನರಿಗೆ ಪಾದವೇ ಏಳುತ್ತಿರಲಿಲ್ಲ, ಮೆಟ್ಟಿಲು ಹತ್ತುವಾಗ ಚಪ್ಪಲಿ ಉದುರಿ ಹೋಗುತ್ತಿತ್ತು. ಪ್ರೈವೇಟ್‌ನಲ್ಲಿ ಆಪರೇಷನ್ ಮಾಡಿಸಿದೆವು. ಪ್ರತಿ ರೂಪಾಯಿಯೂ ಸಾರ್ಥಕ, ಇದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಎಲ್ಲಿ ಕೊಡುತ್ತೀರಿ ಅನ್ನುವುದು ಮುಖ್ಯ. ಮೊದಲು ತೋರಿಸಿದ ಆಸ್ಪತ್ರೆಯವರು ಸ್ಕ್ರೂ ಹಾಕಿ ಮೂಳೆ ಜೋಡಿಸಬೇಕು, ನಾಲ್ಕೂವರೆ ಲಕ್ಷ ಅಂದರು. ಅಡ್ಮಿಷನ್ ಫಾರ್ಮ್ ಕೈಗೆ ಕೊಟ್ಟೂ ಆಗಿತ್ತು. ನಮ್ಮ ಮೈದುನ ಹಟ ಮಾಡಿ ಇನ್ನೊಬ್ಬ ನ್ಯೂರೋಸರ್ಜನ್‌ಗೆ ಸಿಡಿ ತೋರಿಸಿದ. ಅವರು ಬಗ್ಗಿಸಿ ಎಕ್ಸ್‌ರೇ ತೆಗೆಸಿ, ಮೂಳೆ ಅಲುಗಾಡುತ್ತಿಲ್ಲ, ಸ್ಕ್ರೂ ಯಾಕೆ, ನರ ಒತ್ತುತ್ತಿರುವ ತುಂಡು ತೆಗೆದರೆ ಸಾಕು ಅಂದರು. ಮೈಕ್ರೋಡಿಸೆಕ್ಟಮಿ ಅನ್ನುತ್ತಾರೆ. ಅದು ಎಲ್ಲ ಸೇರಿ ಒಂದೂ ಮುಕ್ಕಾಲು ಲಕ್ಷದ ಹತ್ತಿರ ಆಯಿತು. ಎರಡನೇ ಡಾಕ್ಟರ ಫೀಸು 800 ರೂಪಾಯಿ! ಇಡೀ ಖರ್ಚಿನಲ್ಲಿ ಅದಕ್ಕಿಂತ ಬೆಲೆಬಾಳುವ ದುಡ್ಡು ಇನ್ನೊಂದಿಲ್ಲ.

ಇನ್ಶೂರೆನ್ಸ್ ಇರುವವರು ಒಂದು ನೋಡಿಕೊಳ್ಳಿ. ಹೆಚ್ಚಿನ ಪಾಲಿಸಿಗಳಲ್ಲಿ ಡಿಸ್ಕ್ ತೊಂದರೆಗೆ ಮೊದಲ ಎರಡು ವರ್ಷ ಕವರ್ ಇರುವುದಿಲ್ಲ. ರೂಮ್ ಬಾಡಿಗೆಗೆ ಮಿತಿ ಇರುವ ಪಾಲಿಸಿಯಲ್ಲಿ ಅದನ್ನು ಮೀರಿದ ರೂಮ್ ತೆಗೆದುಕೊಂಡರೆ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಎಲ್ಲದರಲ್ಲೂ ಅದೇ ಲೆಕ್ಕದಲ್ಲಿ ಕಡಿತ ಮಾಡುತ್ತಾರೆ. ನಮಗೆ ಬಿಲ್ ಕೈಗೆ ಬಂದಾಗಲೇ ಗೊತ್ತಾಗಿದ್ದು. ಸಿಟ್ಟಿಂಗ್ ಪ್ಯಾಕೇಜ್‌ಗಳಿಗೆ ಸಾಮಾನ್ಯವಾಗಿ ಒಂದು ಪೈಸೆಯೂ ಸಿಗುವುದಿಲ್ಲ, ಅಡ್ಮಿಟ್ ಆಗಿರುವುದಿಲ್ಲವಲ್ಲ.

ಚೀಟಿ_ಸಾಲು:
ಸರ್ಕಾರಿ ಕಡೆ ಯಾರೂ ಮಾತೇ ಎತ್ತಲಿಲ್ಲ. ಶಿವಮೊಗ್ಗದಲ್ಲೇ ಮೆಗ್ಗಾನ್ ಇದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಮೂಳೆ ವಿಭಾಗ ಇದೆ. ಘಾಟಿ ಇಳಿದರೆ ಮಣಿಪಾಲ, ಅದು ಮಾತ್ರ ಪ್ರೈವೇಟ್. ಬೆಂಗಳೂರಲ್ಲೇ ತೋರಿಸುವುದಾದರೆ ಜಯನಗರದ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ, ಇಲ್ಲದಿದ್ದರೆ ನಿಮ್ಹಾನ್ಸ್. ನಿಮ್ಹಾನ್ಸ್ ಅಂದರೆ ಮಾನಸಿಕ ರೋಗಕ್ಕೆ ಮಾತ್ರ ಅಂತ ಊರ ಕಡೆ ಈಗಲೂ ತಿಳಿದಿದ್ದಾರೆ, ನರ ಮತ್ತು ಬೆನ್ನುಹುರಿ ಆಪರೇಷನ್‌ಗೆ ಅದು ದೊಡ್ಡ ಜಾಗ.

ನಮ್ಮಪ್ಪನನ್ನು ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿದ್ದು. ಸತ್ಯ ಹೇಳುತ್ತೇನೆ, ಬೆಳಗ್ಗೆ ಬೇಗ ಹೋಗಿ ಚೀಟಿಗೆ ನಿಲ್ಲಬೇಕು, ಕೂರಲು ಆಗದವರಿಗೆ ಆ ಬೆಂಚು ನರಕ, ಡಾಕ್ಟರು ಜಾಸ್ತಿ ಮಾತಾಡುವುದಿಲ್ಲ. ಆದರೆ ಅವರಿಗೆ ನಿಮ್ಮನ್ನು ಆಪರೇಷನ್‌ಗೆ ಒಪ್ಪಿಸಬೇಕು ಅನ್ನುವ ಆತುರ ಇಲ್ಲ. "ಆಪರೇಷನ್ ಏನೂ ಬೇಡ, ಹೋಗಿ ನಡೀರಿ" ಅಂತ ಗದರಿಸಿ ಕಳಿಸಿದರು. ಆ ಮಾತಿಗೆ ಪ್ರೈವೇಟ್‌ನಲ್ಲಿ ಎಷ್ಟು ಕೊಡಬೇಕಿತ್ತೋ!

ಕಾರ್ಡ್ ವಿಷಯ. ಯಶಸ್ವಿನಿ ಇರುವುದು ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಮಾಡಿಸುವ ಚಿಕಿತ್ಸೆಗೆ, ಹೊರರೋಗಿ ಸಿಟ್ಟಿಂಗ್‌ಗೆ ಅಲ್ಲ. ಅದನ್ನು ಹಾಗೇ ಇಟ್ಟುಕೊಳ್ಳಿ, ಮುಂದೆ ಆಪರೇಷನ್ ಬೇಕು ಅಂದರೆ ಆಗ ಕೆಲಸಕ್ಕೆ ಬರುತ್ತದೆ, ಪ್ರತಿ ವರ್ಷ ನವೀಕರಿಸುವುದು ಮರೆಯಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ಮಿತಿ ಒಂದೂವರೆ ಲಕ್ಷ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ್ದಕ್ಕೆ ರೆಫರಲ್ ಬರೆಸಿಕೊಂಡು ಪ್ರೈವೇಟ್‌ಗೆ ಹೋಗಬೇಕು. ನೇರ ಪ್ರೈವೇಟ್‌ಗೆ ಹೋಗಿ ಆಮೇಲೆ ರೆಫರಲ್ ತರುತ್ತೇವೆ ಅಂದರೆ ನಡೆಯುವುದಿಲ್ಲ.

ಅಡಿಕೆ_ಮನೆ_ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣನನ್ನು ಮನೆಯ ಹಾಲ್‌ನಲ್ಲಿ ಹಿಮ್ಮಡಿ ಮೇಲೆ ನಡೆಸಿದೆ, ಆಚೆ ಈಚೆ ನಡೆದ, ನೋವು ಅಂದ, ಆದರೆ ಪಾದ ಕೆಳಗೆ ಬೀಳಲಿಲ್ಲ. ಹೆಬ್ಬೆರಳಿಗೆ ಎರಡೂ ಕಡೆ ಒಂದೇ ಶಕ್ತಿ ಇದೆ. ಮೂತ್ರ ಎಲ್ಲ ಸರಿ ಇದೆ. ಈಗ ಅವನಿಗೇ ಧೈರ್ಯ ಬಂದು, ನಾಳೆಯೇ ಊರಿಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಬೆಲ್ಟ್ ಬಿಚ್ಚಬೇಕಾ? ಮಲಗಿಯೇ ಇರಬೇಕಾ, ತೋಟಕ್ಕೆ ಹೋಗಬಹುದಾ? ಇನ್ನೊಂದು, ಆ ಸೆಂಟರ್‌ನಲ್ಲಿ ಬುಕಿಂಗ್ ಅಂತ ಅಣ್ಣ 2000 ಕೊಟ್ಟಿದ್ದಾನೆ, ಒಂದೂ ಸಿಟ್ಟಿಂಗ್ ಆಗಿಲ್ಲ. ವಾಪಸ್ ಕೇಳಿದರೆ ಕೊಡುತ್ತಾರಾ?

ಹುಬ್ಬಳ್ಳಿ_ಫಿಸಿಯೋ:
ಮಲಗಿ ಇರುವುದು ಬೇಡ. ತೋಟದಲ್ಲಿ ಚಪ್ಪಟೆ ದಾರಿಯಲ್ಲಿ ನಡೆಯಲಿ, ಕಾಲು ನೋವು ಜಾಸ್ತಿಯಾಗುವ ಮೊದಲು ನಿಲ್ಲಿಸಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಲಿ. ಗೊನೆ ಹೊರುವುದು, ಡ್ರಮ್ ಎತ್ತುವುದು, ಬಗ್ಗಿ ಅಡಿಕೆ ಹಾಳೆ ಹೆಕ್ಕುವುದು ಈ ಸಲ ಬೇರೆಯವರು ಮಾಡಲಿ, ಆಳಿಗೆ ಕೊಡುವ ದುಡ್ಡನ್ನು ಚಿಕಿತ್ಸೆ ಖರ್ಚು ಅಂತಲೇ ಬರೆದುಕೊಳ್ಳಿ. ಬೆಲ್ಟ್ ಇಡೀ ದಿನ ಬೇಡ, ಬಸ್ಸಿನಲ್ಲಿ ಹೋಗುವಾಗ ಹಾಕಿಕೊಂಡರೆ ಧೈರ್ಯ ಅನ್ನಿಸಿದರೆ ಹಾಕಿಕೊಳ್ಳಲಿ. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು, ಬರೆದ ಡಾಕ್ಟರನ್ನು ಕೇಳಿ. ನೋವು ಪಾದದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಮೇಲೆ ಬರುತ್ತಿದ್ದರೆ ಒಳ್ಳೆಯ ಲಕ್ಷಣ, ಆಗ ಸೊಂಟ ಸ್ವಲ್ಪ ಜಾಸ್ತಿ ನೋಯಬಹುದು, ಹೆದರಬೇಡಿ. ಇನ್ನೊಂದು ತಿಂಗಳಾದರೂ ಇಳಿಯದೆ ಕೆಲಸಕ್ಕೇ ಅಡ್ಡಿಯಾದರೆ ಸರ್ಜನ್ ಹತ್ತಿರ ಮಾತಾಡಿ. ಹಿಮ್ಮಡಿ ನಡಿಗೆ ವಾರಕ್ಕೊಮ್ಮೆ ಮಾಡಿ ನೋಡುತ್ತಿರಿ, ಪಾದ ಸೋತರೆ ಮಾತ್ರ ಆ ತಿಂಗಳು ಕಾಯುವುದು ಬೇಡ.

ಕೆಂಪು_ಬಸ್ಸು:
2000ದ ವಿಷಯ ಫೋನಿನಲ್ಲಿ ಮಾತಾಡಬೇಡಿ, ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಚಿಕಿತ್ಸೆ ಶುರುವಾಗಿಲ್ಲ, ಇಷ್ಟು ದಿನದೊಳಗೆ ವಾಪಸ್ ಮಾಡಿ ಅಂತ. ರಸೀದಿ ಫೋಟೋ ಹಾಕಿ. ಆಟ ಆಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ, ಕನ್ನಡದಲ್ಲೂ ಮಾತಾಡುತ್ತಾರೆ. ಬಂತಾ ಇಲ್ಲವಾ ಅಂತ ಇಲ್ಲಿ ಹೇಳಿ.