ಪುಟ್ಟಿ ಕೇಳಿದ ಮಾತ್ರೆ ವಿಷಯ
ಹಾಂ, ಎಲ್ಲರೂ ಕೇಳಿಸ್ಕೊಳ್ಳಿ. ಟೈಪ್ ಮಾಡ್ತಾ ಕೂತ್ರೆ ಬೆಳಗಾಗುತ್ತೆ, ಅದಕ್ಕೆ ಮಾತಲ್ಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಮಾವ, 'ದಿನಾ ನಡೀರಿ, ಒಳ್ಳೇದು ತಿನ್ನಿ, ಡಿಪ್ರೆಶನ್ ಮಾತ್ರೆನೆಲ್ಲ ಕಸಕ್ಕೆ ಹಾಕಿ' ಅಂತ ಒಂದು ಫಾರ್ವರ್ಡ್ ಹಾಕಿದ್ರಲ್ಲ, ಅದರ ಕೆಳಗೆ ಪುಟ್ಟಿ 'ಹಂಗಾದ್ರೆ ನಾನೂ ನಿಲ್ಲಿಸಬಹುದಾ' ಅಂತ ಕೇಳಿದಾಳೆ. ಯಾರೂ ಉತ್ತರ ಕೊಟ್ಟಿಲ್ಲ, ಸುಮ್ನೆ ಕೈ ಮುಗಿಯೋ ಚಿತ್ರ ಹಾಕ್ಕೊಂಡು ಕೂತಿದೀರ.

ಪುಟ್ಟಿ, ನಿಲ್ಲಿಸಬೇಡ. ಡಾಕ್ಟರನ್ನ ಕೇಳದೆ ಒಂದು ಹೊತ್ತಿಂದೂ ಬಿಡಬೇಡ. ಇವನ್ನ ಥಟ್ಟಂತ ಬಿಟ್ರೆ ತಲೆ ಸುತ್ತೋದು, ವಾಕರಿಕೆ, ನಿದ್ದೆ ಕೆಡೋದು, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗೋದು, ಎಲ್ಲ ಬರಬಹುದು. ಬಿಡೋ ಕಾಲ ಬಂದಾಗ ಅವರೇ ನಿಧಾನಕ್ಕೆ ಇಳಿಸ್ತಾರೆ. ಗುಣ ಕಾಣ್ತಿಲ್ಲ ಅಂತ ಬೇಜಾರಾಗಬೇಡ, ಹಿಡಿಯೋಕೇ ಕೆಲವು ವಾರ ಬೇಕು.

ಮಾವ, ನಿಮ್ಮ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ನಡಿಗೆಯಿಂದ ಗುಣ ಇದೆ, ಚೆನ್ನಾಗೇ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಖಿನ್ನತೆ ಇದ್ದ, 50 ದಾಟಿದ 156 ಜನರನ್ನ ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಎರಡೂ ಕೊಟ್ಟು ನೋಡಿದ್ರು. 1999ರಲ್ಲಿ ಅದು ಪ್ರಕಟ ಆಯ್ತು. 16 ವಾರ ಆಗೋ ಹೊತ್ತಿಗೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದಿತ್ತು. ಆದ್ರೆ ಮಾತ್ರೆ ಬೇಗ ಹಿಡೀತು. ಇನ್ನೊಂದು, ಆ ವ್ಯಾಯಾಮದವರು ವಾರಕ್ಕೆ ಮೂರು ಸಲ ಗುಂಪಾಗಿ, ಹೇಳಿಕೊಡೋರ ಎದುರಿಗೆ ಮಾಡ್ತಿದ್ರು. ಫಾರ್ವರ್ಡ್‌ನಲ್ಲಿ ಈ ಭಾಗ ಯಾವತ್ತೂ ಬರಲ್ಲ ನೋಡಿ.

ಊಟದ್ದೂ ಅಷ್ಟೇ. ಆಸ್ಟ್ರೇಲಿಯಾದಲ್ಲಿ 67 ಜನರ ಮೇಲೆ 12 ವಾರ ಮಾಡಿದ ಪ್ರಯೋಗ, 2017ರದ್ದು. ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಬೀಜ, ಮೀನು ಜಾಸ್ತಿ ಮಾಡಿ, ಸಿಹಿ, ಕರಿದಿದ್ದು ಕಮ್ಮಿ ಮಾಡಿದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಇಳಿದುಹೋಗಿತ್ತು. ಸುಮ್ನೆ ಜೊತೆಗೆ ಕೂತು ಮಾತಾಡಿಸಿದ ಗುಂಪಲ್ಲಿ ಅದು ನೂರಕ್ಕೆ 8 ಅಷ್ಟೆ. ಚಿಕ್ಕ ಪ್ರಯೋಗ, ನಿಜ. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೂ ಜೊತೆಗೇ ತಗೊಳ್ತಿದ್ರು ಅನ್ನೋದನ್ನ ನೆನಪಿಟ್ಕೊಳ್ಳಿ. ಬಾಳೆಹಣ್ಣಲ್ಲಿ ಸೆರೊಟೋನಿನ್ (ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ ಒಂದು ರಾಸಾಯನಿಕ) ಇದೆ, ತಿಂದ್ರೆ ಮನಸ್ಸು ಅರಳುತ್ತೆ ಅಂತಾರಲ್ಲ, ಹಣ್ಣಿಗೆ ನನ್ನ ತಕರಾರಿಲ್ಲ, ಆದ್ರೆ ಹೊಟ್ಟೆಯಲ್ಲಿರೋ ಸೆರೊಟೋನಿನ್ ಮಿದುಳಿಗೆ ದಾಟಲ್ಲ.

ಈಗ ಪುಟ್ಟಿ ನಿನ್ನ ಎದೆ ಡವಡವ. ಬೆಳಗ್ಗೆ ಏನೂ ತಿನ್ನದೆ ಕಾಫಿ ಮೇಲೆ ಕಾಫಿ ಕುಡೀತೀಯ ಅಂತ ಅಕ್ಕ ಹೇಳಿದ್ಲು. ಹೊಟ್ಟೆ ಖಾಲಿ ಇದ್ದು ಸಕ್ಕರೆ ಮಟ್ಟ ಇಳಿದ್ರೆ ದೇಹ ಅಡ್ರಿನಲಿನ್ ಅನ್ನೋ ಗಾಬರಿಯ ಹಾರ್ಮೋನ್ ಬಿಡುತ್ತೆ, ಕೈ ನಡುಗುತ್ತೆ, ಬೆವರುತ್ತೆ. ಅದರ ಮೇಲೆ ಕೆಫೀನ್. ಕುಡಿದ ಐದು ಗಂಟೆ ಆದ್ಮೇಲೂ ಅರ್ಧದಷ್ಟು ರಕ್ತದಲ್ಲೇ ಇರುತ್ತೆ. ಆತಂಕ ಬಂದಾಗ ಆಗೋದೂ ಇದೇ ಅಲ್ವಾ? ಯಾವುದು ಕಾಫಿ, ಯಾವುದು ಭಯ ಅಂತ ನಿನಗೆ ಹೆಂಗೆ ಗೊತ್ತಾಗಬೇಕು? ಪೂರ್ತಿ ಬಿಡು ಅಂತಿಲ್ಲ, ಒಂದೇಸಲ ಬಿಟ್ರೆ ತಲೆನೋವು ಬರುತ್ತೆ. ಮಧ್ಯಾಹ್ನದ ಮೇಲಿಂದು ಮೊದಲು ನಿಲ್ಲಿಸಿ ನೋಡು.

ಬೇಗಬೇಗ ನಡೆದಾಗಲೂ ಎದೆ ಹೊಡ್ಕೊಳ್ಳುತ್ತೆ, ಅದಕ್ಕೇ ಪ್ಯಾನಿಕ್, ಅಂದ್ರೆ ಇದ್ದಕ್ಕಿದ್ದಂತೆ ವಿಪರೀತ ಭಯ ಬರೋರು ಎಷ್ಟೋ ಜನ ವ್ಯಾಯಾಮಕ್ಕೇ ಹೆದರ್ತಾರೆ. ಆದ್ರೆ ಸ್ವಲ್ಪ ಸ್ವಲ್ಪವಾಗಿ ಮಾಡ್ತಾ ಹೋದ್ರೆ, ಎದೆ ಜೋರಾಗಿ ಬಡ್ಕೊಂಡ್ರೂ ಏನೂ ಆಗಲ್ಲ, ತಾನಾಗೇ ಇಳಿಯುತ್ತೆ ಅಂತ ಮೈಗೇ ಅಭ್ಯಾಸ ಆಗುತ್ತೆ. ನನಗೆ ಈ ಲಾಭವೇ ಎಲ್ಲಕ್ಕಿಂತ ದೊಡ್ಡದು ಅನ್ಸುತ್ತೆ. ತಲೆ ಸುತ್ತು, ಎದೆನೋವು ಬಂದ್ರೆ ಮಾತ್ರ ಡಾಕ್ಟರಿಗೆ ತೋರಿಸಬೇಕು. ಹೋದಾಗ ಥೈರಾಯ್ಡ್, ಬಿ12, ರಕ್ತಹೀನತೆ ಪರೀಕ್ಷೆ ಬೇಕಾ ಅಂತಲೂ ಕೇಳು. ಥೈರಾಯ್ಡ್, ಬಿ12, ರಕ್ತ ಕಮ್ಮಿ ಇದ್ರೂ ಹೀಗೇ ಸುಸ್ತು, ಮಂಕು.

ಉಳಿದವರಿಗೆ ಒಂದು ಮಾತು. ಈ ಕಾಯಿಲೆ ಮೊದಲು ಕಿತ್ಕೊಳ್ಳೋದೇ ಏಳೋ ಶಕ್ತಿನ. ಹಾಸಿಗೆ ಬಿಟ್ಟು ಎದ್ದು ಮುಖ ತೊಳೆಯೋದೇ ಕಷ್ಟ ಇರೋರಿಗೆ 'ವಾಕಿಂಗ್ ಹೋಗು, ಎಲ್ಲ ಸರಿಹೋಗುತ್ತೆ' ಅಂದ್ರೆ ಅವರಿಗೆ ಕೇಳಿಸೋದು 'ನೀನು ಸೋಮಾರಿ' ಅಂತ. ವಾರಕ್ಕೆ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಲ್ಲಿಗೆ ಆಮೇಲೆ ಹೋಗೋಣ. ಮೊದಲು ಹತ್ತು ನಿಮಿಷ ಸಾಕು, ಬೀದಿ ತುದಿವರೆಗೆ. ಅದೂ ಆಗದ ದಿನ ಬಾಗಿಲಲ್ಲಿ ನಿಂತು ಬಿಸಿಲು ಕಂಡ್ರೂ ಸಾಕು. 'ಹೋಗು' ಅನ್ನೋದು ಬಿಟ್ಟು 'ಬಾ, ನಾನೂ ಬರ್ತೀನಿ' ಅನ್ನಿ. ಅಕ್ಕ, 'ಏನು ಬೇಕು' ಅಂತ ಕೇಳಬೇಡ, ಅದನ್ನ ಯೋಚಿಸೋದೇ ಅವಳಿಗೆ ಭಾರ. ತಟ್ಟೆಗೆ ಸ್ವಲ್ಪ ಹಾಕಿ ಎದುರಿಗಿಟ್ಟು ನೀನೂ ಜೊತೆಗೆ ಕೂತ್ಕೊ.

ಪುಟ್ಟಿ, ಬದುಕೋದೇ ಬೇಡ ಅನ್ನೋ ಥರ ಯೋಚನೆ ಬಂದ್ರೆ ಈ ನಡಿಗೆ, ಊಟ ಎಲ್ಲ ಪಕ್ಕಕ್ಕಿಡು. ರಾತ್ರಿ ಎಷ್ಟು ಹೊತ್ತಾಗಿದ್ರೂ ನನಗೆ ಫೋನ್ ಮಾಡು, ನೇರ ಆಸ್ಪತ್ರೆಗೆ ಹೋಗೋಣ.

ನಾಳೆ ಸಂಜೆ ನಾನು ಬರ್ತೀನಿ, ಚಪ್ಪಲಿ ಹಾಕ್ಕೊಂಡಿರು. ಮಾವ, ನೀವೂ ಬನ್ನಿ, ಆದ್ರೆ ದಾರಿಯುದ್ದಕ್ಕೂ ಉಪದೇಶ ಮಾಡಲ್ಲ ಅಂದ್ರೆ ಮಾತ್ರ.