ಎಲುಬು ನೋಡಿ ಲೂಸಿ ನಡೆಯುತ್ತಿದ್ದಳು ಅಂತ ಹೇಗೆ ಹೇಳುತ್ತಾರೆ?

ಕುತೂಹಲಿ:
1974ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ಸಿಕ್ಕ ಲೂಸಿ ಬಗ್ಗೆ, ಅಂದರೆ ಮನುಷ್ಯರ ಪುರಾತನ ಬಂಧುಜಾತಿಯ ಒಬ್ಬ ಹೆಣ್ಣಿನ ಪಳೆಯುಳಿಕೆ ಬಗ್ಗೆ, ಓದುತ್ತಿದ್ದೆ. ಸುಮಾರು 32 ಲಕ್ಷ ವರ್ಷ ಹಿಂದಿನವಳು, ಎರಡೇ ಕಾಲಲ್ಲಿ ನಡೆಯುತ್ತಿದ್ದಳಂತೆ. ಅಸ್ಥಿಪಂಜರದ 40% ಸಿಕ್ಕಿದೆ ಅನ್ನುತ್ತಾರೆ. ಆದರೆ ಸಿಕ್ಕಿದ್ದು 47 ಮೂಳೆ, ನಮ್ಮ ಮೈಯಲ್ಲಿರುವುದು 206. ಕಾಲು ಭಾಗವೂ ಆಗಲಿಲ್ಲ! ಪಾದವೇ ಸರಿಯಾಗಿ ಸಿಗದೆ ನಡಿಗೆ ಬಗ್ಗೆ ಮಾತಾಡುವುದು ಸುಮ್ನೆ ಊಹೆ ಅಲ್ವಾ?

ಮಂಡಿನೋವು:
ನಾನು ಫಿಸಿಯೋಥೆರಪಿಸ್ಟ್. ಹದಿನೆಂಟು ವರ್ಷದಿಂದ ಜನರ ಮಂಡಿ ನೋಡಿಕೊಂಡೇ ಬದುಕುತ್ತಿದ್ದೇನೆ, ಹಾಗಾಗಿ ಈ ಪ್ರಶ್ನೆ ಬಿಡಲಾರೆ.

ಮೊದಲು ಲೆಕ್ಕ. ಕೈ ಮತ್ತು ಪಾದಗಳಲ್ಲೇ 106 ಮೂಳೆ ಇವೆ. 40% ಅನ್ನುವುದು ಅವನ್ನು ಬಿಟ್ಟು ಹಾಕಿದ ಲೆಕ್ಕ.

ಈಗ ನೆಟ್ಟಗೆ ನಿಂತು ನಿಮ್ಮ ಕಾಲು ನೋಡಿಕೊಳ್ಳಿ. ತೊಡೆಮೂಳೆಗಳು ಸೊಂಟದ ಹತ್ತಿರ ದೂರ ದೂರ, ಮಂಡಿಗೆ ಬರುವಷ್ಟರಲ್ಲಿ ಹತ್ತಿರ. ಅಂದರೆ ಒಳಕ್ಕೆ ಓರೆ. ಅದಕ್ಕೇ ಒಂದು ಕಾಲು ಎತ್ತಿದರೂ ಇನ್ನೊಂದು ಪಾದ ಮೈಭಾರದ ಕೆಳಗೇ ಇರುತ್ತದೆ. ಚಿಂಪಾಂಜಿಗೆ ಈ ಓರೆ ಇಲ್ಲ. ಎರಡು ಕಾಲಲ್ಲಿ ನಡೆದರೆ ಪಾಪ, ಅತ್ತಿತ್ತ ವಾಲುತ್ತದೆ. ಲೂಸಿಗೆ ಇದೆ. ಅವಳು ಸಿಗುವ ಮುಂಚಿನ ವರ್ಷ, 1973ರಲ್ಲಿ, ಹದಾರ್‌ನಲ್ಲೇ ಪಳೆಯುಳಿಕೆ ತಜ್ಞ ಡೊನಾಲ್ಡ್ ಜೊಹಾನ್ಸನ್‌ಗೆ ಸಿಕ್ಕ ಮಂಡಿಯ ಕೀಲಿನಲ್ಲೂ ಇತ್ತು.

ಇನ್ನೊಂದು ವಿಷಯ. ಈ ಓರೆ ಹುಟ್ಟುವಾಗ ಇರುವುದಿಲ್ಲ. ಮಗು ನಡೆಯತೊಡಗಿದ ಮೇಲೆ ಬೆಳೆಯುತ್ತದೆ. ಯಾವತ್ತೂ ನಡೆಯಲಾಗದ ಮಕ್ಕಳ ಎಕ್ಸ್‌ರೇ ನೋಡಿದ್ದೇನೆ, ಮೂಳೆ ನೇರವಾಗೇ ಉಳಿದಿರುತ್ತದೆ. ಲೂಸಿ ಮಗುವಾಗಿ ತಪ್ಪುಹೆಜ್ಜೆ ಇಡುತ್ತಿದ್ದ ದಿನಗಳೂ ಅವಳ ಮಂಡಿಯಲ್ಲಿ ಉಳಿದುಕೊಂಡಿವೆ ಅನ್ನಿ.

ಬೂದಿಹೆಜ್ಜೆ:
ಪಾದ ಸಿಗದಿದ್ದರೇನು, ಹೆಜ್ಜೆ ಗುರುತೇ ಸಿಕ್ಕಿದೆಯಲ್ಲ! ಟಾಂಜಾನಿಯಾದ ಲಾಯಟೋಲಿ, 1978, ಪಳೆಯುಳಿಕೆ ತಜ್ಞೆ ಮೇರಿ ಲೀಕಿ ಅವರ ತಂಡ. ಲೂಸಿ ಜಾತಿಯವರೇ ಇರಬೇಕು ಅನ್ನುತ್ತಾರೆ, ಒದ್ದೆಯಾದ ಜ್ವಾಲಾಮುಖಿ ಬೂದಿ ಮೇಲೆ ನಡೆದುಹೋಗಿದ್ದಾರೆ, ಅದು ಗಟ್ಟಿಯಾಗಿ ಉಳಿದಿದೆ. 36 ಲಕ್ಷ ವರ್ಷಕ್ಕೂ ಹಳೆಯದು. ಹೆಬ್ಬೆರಳು ನಮ್ಮ ಹಾಗೆ ಮುಂದಕ್ಕಿದೆ. ಕೈ ಊರಿದ ಗುರುತು ಒಂದೂ ಇಲ್ಲ.

ಕುತೂಹಲಿ:
ಊಹೆ ಅಂದಿದ್ದು ವಾಪಸ್ ತಗೊಂಡೆ. ಹಾಗಾದರೆ ಮರ ಹತ್ತುವುದನ್ನು ಪೂರ್ತಿ ಬಿಟ್ಟಿದ್ದರಾ?

ಮಂಡಿನೋವು:
ಬಿಟ್ಟಿರಲಿಲ್ಲ ಅಂತ ನನ್ನ ಅನಿಸಿಕೆ. ಲೂಸಿ ಜಾತಿಯ ಬೆರಳೆಲುಬುಗಳು ಬಾಗಿವೆ, ಕಾಲಿಗೆ ಹೋಲಿಸಿದರೆ ತೋಳು ನಮಗಿಂತ ಉದ್ದ. ಮರದ ಮೇಲೆ ಎಷ್ಟು ಹೊತ್ತು ಕಳೆಯುತ್ತಿದ್ದರು ಅನ್ನುವುದಕ್ಕೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ. ನಾನು ಸೊಂಟದಿಂದ ಕೆಳಗಿನ ಗಿರಾಕಿ. ಭುಜ ಬಲ್ಲವರು ಯಾರಾದರೂ ಇದ್ದರೆ ಬನ್ನಿ.